ಹಿತ್ತಲ ಮನೆಗೆ ಬೇರೆ ಬಾಗಿಲು

ನಮ್ಮ ದಾವಣಗೆರೆಯಲ್ಲಿ ಮನೆಯ ಸುತ್ತ ಬಿಡಬೇಕಾದ ಜಾಗವನ್ನು ಬಿಡದವರು ಯಾರೂ ಇಲ್ಲ. ಎಲ್ಲರೂ ಬಿಟ್ಟಿದ್ದಾರೆ. ನಕ್ಷೆಯ ಮೇಲೆ ಬಿಟ್ಟಿದ್ದಾರೆ. ಮುಂದೆ ಇಷ್ಟು, ಹಿಂದೆ ಇಷ್ಟು, ಎಡಕ್ಕೆ ಮೂರಡಿ, ಬಲಕ್ಕೆ ಮೂರಡಿ ಎಂದು ಇಂಜಿನಿಯರ್ ಸ್ಕೇಲು ಇಟ್ಟು ಗೆರೆ ಎಳೆಯುತ್ತಾರೆ, ಕಚೇರಿಯವರು ಆ ಗೆರೆಯ ಮೇಲೆ ಸೀಲು ಒತ್ತುತ್ತಾರೆ, ಮಾಲೀಕ ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟು, ಸೀದಾ ಹೊರಗೆ ಬಂದು ಕಾಂಪೌಂಡಿಗೆ ಅಂಟಿಸಿ ಗೋಡೆ ಎಬ್ಬಿಸುತ್ತಾನೆ. ಮೂವತ್ತು ವರ್ಷದಿಂದ ಸೆಂಟ್ರಿಂಗ್ ಕೆಲಸ ಮಾಡುತ್ತಿರುವವನು ನಾನು. ಹಲಗೆ ಹೊಡೆದು, ಜಾಕಿ ನಿಲ್ಲಿಸಿ, ಊರಿನವರ ತಲೆಯ ಮೇಲೆ ಕಾಂಕ್ರೀಟ್ ತಾರಸಿಯ ಮೋಲ್ಡ್ ಕೂರಿಸುವುದು ನನ್ನ ಉದ್ಯೋಗ. ಹಾಗಾಗಿ ಈ ಮಾತನ್ನು ಆಣೆ ಮಾಡಿ ಹೇಳಬಲ್ಲೆ. ನಮ್ಮ ಬೀದಿಯಲ್ಲಿ ಎರಡು ಮನೆಗಳ ನಡುವೆ ಬೆಕ್ಕು ಹೋಗಬೇಕಾದರೂ ಹೊಟ್ಟೆ ಒಳಗೆ ಎಳೆದುಕೊಂಡು ಹೋಗಬೇಕು. ಹೀಗಿದ್ದೂ, ಸುತ್ತ ಬಿಡುವ ಜಾಗದ ನಿಯಮ ಸಡಿಲವಾಗಿದೆ, ಇನ್ನು ಮೇಲೆ ಹಿತ್ತಲಲ್ಲಿ ಇನ್ನೊಂದು ಚಿಕ್ಕ ಮನೆ ಕಟ್ಟಿಕೊಳ್ಳಬಹುದು ಎಂದು ಸುದ್ದಿ ಬಂದಾಗ ಎಲ್ಲರಿಗೂ ಬಹಳ ಸಂತೋಷವಾಯಿತು. ಇಷ್ಟು ದಿನ ಕದ್ದು ತಿನ್ನುತ್ತಿದ್ದ ಬೆಲ್ಲವನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ.

ನಾನು ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಹರಿಹರದಲ್ಲಿ ಹಲಗೆ ಹೊರುವುದರಿಂದ ಶುರು ಮಾಡಿ, ಇವತ್ತು ಹನ್ನೆರಡು ಆಳುಗಳಿಗೆ ಕೆಲಸ ಕೊಡುವವನಾಗಿದ್ದೇನೆ. ಡಿಗ್ರಿ ಓದಿದ ಇಂಜಿನಿಯರ್‌ಗಳು ಮೂರು ಕಾಲಿನ ಯಂತ್ರ ಇಟ್ಟು, ಒಂದು ಕಣ್ಣು ಮುಚ್ಚಿ ಮಟ್ಟ ನೋಡುತ್ತಾರೆ. ನಾನು ಎರಡೂ ಕಣ್ಣು ಬಿಟ್ಟು ನೋಡಿ ಹೇಳುತ್ತೇನೆ. ನನ್ನ ಮೋಲ್ಡ್ ಇದುವರೆಗೆ ಒಂದೂ ಸೋರಿಲ್ಲ. ಈ ಮಾತನ್ನು ನಾನು ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಮಣ್ಣಿಗೆ ಹೋದಲ್ಲಿಯೂ ಹೇಳಿದ್ದೇನೆ, ಹರಿಹರದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಈಗ ನಿಮಗೂ ಹೇಳಿದ್ದಾಯಿತು. ಓದಿದವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅವರ ಮನೆಯ ತಾರಸಿಯೂ ನನ್ನ ಕೈಯಿಂದಲೇ ಆಗಬೇಕಲ್ಲ ಎನ್ನುವ ಒಂದು ಸಣ್ಣ ಸಮಾಧಾನ ಇದೆ, ಅಷ್ಟೆ.

ಇಷ್ಟು ಹೊಗಳಿಕೊಂಡ ಮೇಲೆ ಕಷ್ಟಕ್ಕೆ ಬರುತ್ತೇನೆ. ನನಗೊಬ್ಬಳೇ ಮಗಳು, ಸುಧಾ. ಅವಳ ಗಂಡ ಕೊಟ್ರೇಶ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವನು, ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತಾನೆ. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ನಾನು ಒಳಗೆ ಕಾಲಿಟ್ಟರೆ ಸಾಕು, ಕೂತಲ್ಲಿಂದ ಎದ್ದು ನಿಲ್ಲುತ್ತಾನೆ. ನಾನು ಕೂತ ಮೇಲೆಯೇ ಅವನು ಕೂರುವುದು. ಇಂಥ ಅಳಿಯ ಸಿಕ್ಕಿದ್ದಾನೆ ಎಂದು ನಾನು ಬೇಕೆಂದೇ ಎರಡು ಸಲ ಎದ್ದು ಹೊರಗೆ ಹೋಗಿ ಒಳಗೆ ಬಂದದ್ದೂ ಉಂಟು. ವಿದ್ಯಾನಗರದಲ್ಲಿ ಅವರು ಬಾಡಿಗೆಗಿದ್ದ ಮನೆಯ ಮಾಲೀಕ, ಮುಂದಿನ ಬೇಸಿಗೆ ರಜೆ ಮುಗಿಯುವುದರೊಳಗೆ ಮನೆ ಬಿಡಿ, ಹುಡುಗರ ಹಾಸ್ಟೆಲ್ ಮಾಡುತ್ತೇನೆ ಎಂದು ಹೇಳಿಬಿಟ್ಟ. ಇದೇ ಸಮಯ ಎಂದುಕೊಂಡು ನಾನು ಕೊಟ್ರೇಶನನ್ನು ಕೂರಿಸಿಕೊಂಡು, "ನಮ್ಮ ಮನಿಗೇ ಬರ್ರಿ. ಇಷ್ಟು ದೊಡ್ಡ ಮನಿಯಾಗ ನಾವಿಬ್ರೇ ಏನ್ ಮಾಡಾಣ?" ಎಂದೆ.

"ಮಾವಾರ, ತಪ್ಪು ತಿಳ್ಕಬ್ಯಾಡ್ರಿ. ನಮ್ಮ ದೊಡ್ಡಪ್ಪ ಒಬ್ರು ಹೆಂಡ್ತಿ ಮನಿಯಾಗ ಎರಡು ವರ್ಷ ಇದ್ರು. ಆಮೇಲೆ ಸ್ವಂತ ಮನಿ ಕಟ್ಟಿದ್ರು, ಹೊಲ ತಗಂಡ್ರು, ಪಂಚಾಯ್ತಿ ಮೆಂಬರೂ ಆದ್ರು. ಈಗ್ಲೂ ಊರಾಗ ಅವರ ಹೆಸರು ಹೇಳಿ ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಮನಿ ಅಳಿಯ ಅನ್ರಿ, ಕೈ ಹಿಡ್ಕಂಡು ಹೋಗಿ ಬಾಗ್ಲಾಗ ಬಿಡ್ತಾರೆ" ಎಂದ.

"ಹಂಗಾರೆ ಹೆಂಗೆ?"

"ಬ್ಯಾರೆ ಮನಿ ಇರ್ಬೇಕ್ರಿ. ರಸ್ತಿಗೆ ಬ್ಯಾರೆ ಬಾಗ್ಲು ಇರ್ಬೇಕು. ಇಲ್ಲಾಂದ್ರೆ ಹರಿಹರದಾಗ ಒಂದು ಮನಿ ನೋಡೀನಿ, ಅಲ್ಲಿಂದ್ಲೇ ಓಡಾಡ್ತೀನಿ."

ಹರಿಹರ ಎಂದ ಕೂಡಲೇ ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ನನ್ನ ಹೆಂಡತಿ ರತ್ನಮ್ಮ ಕೇಳಿಸಿಕೊಳ್ಳುತ್ತಿದ್ದಳು. ನಾನು ದಿನ ಬೆಳಗಾದರೆ ಹರಿಹರಕ್ಕೆ ಕೆಲಸಕ್ಕೆ ಹೋಗಿ ಬರುವವನು. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಆದರೆ ಮಗಳು ಅಲ್ಲಿಗೆ ಹೋಗುತ್ತಾಳೆ ಎಂದ ತಕ್ಷಣ ರತ್ನಮ್ಮನ ಲೆಕ್ಕದಲ್ಲಿ ಆ ಊರು ಹೊಳೆ ದಾಟಿ, ಗುಡ್ಡ ದಾಟಿ ಎಲ್ಲೋ ಹೋಗಿಬಿಟ್ಟಿತು. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದಳು. ಎರಡು ದಿನವೇ ಚೆನ್ನಾಗಿತ್ತು.

ಆ ವಾರವೇ ಹರಿಹರದಲ್ಲಿ ಒಂದು ಮೋಲ್ಡ್ ಮುಗಿಸಿ, ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದಾಗ ಪಕ್ಕದವರೊಬ್ಬರು ಪೇಪರ್ ಓದಿ ಹೇಳಿದರು: ಸುತ್ತ ಬಿಡುವ ಜಾಗ ಕಡಿಮೆ ಮಾಡಿದ್ದಾರೆ, ಹಿತ್ತಲಲ್ಲಿ ಎರಡನೇ ಮನೆಗೂ ಒಪ್ಪಿಗೆ ಉಂಟು. ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು. ನಮ್ಮ ಮನೆಯ ಹಿತ್ತಲು ನನ್ನ ಕಣ್ಣ ಮುಂದೆ ಬಂತು. ಒಂದು ನುಗ್ಗೆ ಮರ, ಒಂದು ಕರಿಬೇವಿನ ಗಿಡ, ಒಂದು ಒಗೆಯುವ ಕಲ್ಲು. ಮಿಕ್ಕದ್ದು ಬರೀ ಆಕಾಶ. ಹಾಲ್, ಅಡುಗೆಮನೆ, ಎರಡು ಕೋಣೆಯ ಚಂದದ ಮನೆ ಅಲ್ಲಿ ಆಗಲೇ ಎದ್ದು ನಿಂತಂತೆ ಕಂಡಿತು. ಸರ್ಕಾರಕ್ಕೆ ನನ್ನ ಮನೆಯ ಕಷ್ಟ ಹೇಗೆ ಗೊತ್ತಾಯಿತೋ ಎಂದು ಒಂದು ಗಳಿಗೆ ಕಣ್ಣಲ್ಲಿ ನೀರೂ ಬಂತು. ಮೆಣಸಿನಕಾಯಿ ಖಾರವೂ ಇತ್ತೆನ್ನಿ.

ನಕ್ಷೆ ಮಾಡಿದ್ದು ನಮ್ಮ ಬೀದಿಯಲ್ಲೇ ಬೆಳೆದ ಇಂಜಿನಿಯರ್ ಹುಡುಗಿ. ನಿಯಮವನ್ನು ಪೂರ್ತಿ ಓದಿಕೊಂಡು ಬಂದಿದ್ದಳು. ಓದಿದವರ ತೊಂದರೆಯೇ ಇದು. "ಅಣ್ಣಾರ, ಎಡಗಡೆ ಕಡಿಮಿ ಮಾಡ್ಬಹುದು. ಬಲಗಡೆ ಮೂರಡಿ ಹಂಗೇ ಬಿಡ್ರಿ, ಹಿಂದಿನ ಮನಿಗೆ ದಾರಿ ಬೇಕಲ್ಲ" ಎಂದಳು. ನಾನು, "ನೋಡವ್ವ, ಗೆರಿ ನೀನು ಎಳಿ, ಮನಿ ನಾನು ಕಟ್ತೀನಿ" ಎಂದೆ. ಅವಳು ಗೆರೆ ಎಳೆದಳು. ಬಲಗಡೆ ಅಚ್ಚುಕಟ್ಟಾದ ದಾರಿ, ದಾರಿಯ ತುದಿಗೆ ಬಾಣದ ಗುರುತು. ಸೀಲೂ ಬಿತ್ತು. ಕಾಗದ ಬೀರುವಿಗೆ ಹೋಯಿತು.

ನಿಯಮ ಒಂದು ಗೇಣು ಸಡಿಲವಾದರೆ ಅದನ್ನು ಒಂದು ಮಾರು ಮಾಡಿಕೊಳ್ಳುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ. ಇದಕ್ಕೆ ಏಳನೇ ಕ್ಲಾಸೂ ಬೇಕಿಲ್ಲ. ಎಡಗಡೆಯ ಓಣಿಯಲ್ಲಿ ಮೊದಲಿಂದಲೂ ತಗಡಿನ ಕೆಳಗೆ ನನ್ನ ಹಲಗೆ, ಜಾಕಿ ಇರುತ್ತಿದ್ದವು. ಅದಕ್ಕೆ ಮೋಲ್ಡ್ ಹಾಕಿ ಸ್ಟೋರ್ ರೂಮ್ ಮಾಡಿದೆ. ಬಲಗಡೆಯ ಓಣಿಯನ್ನು ನೋಡುತ್ತಾ ನಿಂತಾಗ ನನ್ನೊಳಗೆ ಬಹಳ ವರ್ಷದಿಂದ ಇದ್ದ ಒಂದು ಆಸೆ ಕಣ್ಣು ಬಿಟ್ಟಿತು. ನನಗೊಂದು ಆಫೀಸು ಬೇಕಿತ್ತು. ಸ್ಕೂಲಿನ ಬೆಂಚು ಬಿಟ್ಟು ಬಂದವನಿಗೆ ಒಂದು ಟೇಬಲ್ಲು, ಒಂದು ತಿರುಗುವ ಕುರ್ಚಿ, ಬಾಗಿಲ ಮೇಲೆ "ಹಾಲೇಶಪ್ಪ, ಸೆಂಟ್ರಿಂಗ್ ಕಾಂಟ್ರ್ಯಾಕ್ಟರ್" ಎಂದು ಒಂದು ಬೋರ್ಡು. ಮೂರಡಿ ಅಗಲದಲ್ಲಿ ಕುರ್ಚಿ ಪೂರ್ತಿ ತಿರುಗಲಿಲ್ಲ, ಅರ್ಧ ತಿರುಗಿ ಗೋಡೆಗೆ ತಾಗುತ್ತಿತ್ತು. ಆದರೂ ಅದು ಆಫೀಸು. ಹಾಲ್‌ನಿಂದಲೇ, ಮುಂಬಾಗಿಲಿನ ಪಕ್ಕಕ್ಕೆ, ಅದಕ್ಕೆ ಬಾಗಿಲು ಇಟ್ಟೆ. ಮೇಲೆ ನೀರಿನ ಟ್ಯಾಂಕ್ ಕೂರಿಸಿದೆ.

ಹಾಗಾದರೆ ಹಿತ್ತಲ ಮನೆ ಕಟ್ಟುವಾಗ ದಾರಿ ಇಲ್ಲದ್ದು ಕಾಣಲಿಲ್ಲವೇ ಎಂದು ನೀವು ಕೇಳುತ್ತೀರಿ. ಕಾಣಲಿಲ್ಲ, ಯಾಕೆಂದರೆ ದಾರಿ ಇತ್ತು. ನಮ್ಮ ಹಿಂದಿನ ಸೈಟು ಖಾಲಿ. ಅದು ಖಲೀಲ್ ಸಾಬರದು. ಅವರು ಕಬ್ಬಿಣದ ಅಲ್ಮೇರಾ ಮಾಡಿ ಮಾರುತ್ತಾರೆ. ಪಕ್ಕದಲ್ಲಿ ಖಾಲಿ ಸೈಟು ಇದ್ದರೆ ಜಲ್ಲಿ, ಮರಳು, ಕಬ್ಬಿಣ ಎಲ್ಲವನ್ನೂ ಅದರಲ್ಲೇ ಇಳಿಸಿ, ಕಾಂಪೌಂಡ್ ಒಡೆದುಕೊಂಡು ಕೆಲಸ ಮಾಡುವುದು ನಮ್ಮಲ್ಲಿ ಎಲ್ಲ ಮೇಸ್ತ್ರಿಗಳ ಪದ್ಧತಿ. ಸಾಬರನ್ನು ಕೇಳಿದೆ, ಖುಷಿಯಿಂದ ಒಪ್ಪಿದರು. ಐದು ತಿಂಗಳು ನಾನು, ನನ್ನ ಆಳುಗಳು, ಮರಳಿನ ಟ್ರ್ಯಾಕ್ಟರು, ಎಲ್ಲ ಹಿಂದಿನಿಂದಲೇ ಓಡಾಡಿದೆವು. ರತ್ನಮ್ಮ ಎಂದಿನಂತೆ ಅಡುಗೆಮನೆಯ ಹಿಂಬಾಗಿಲಿನಿಂದ ಹೋಗಿ ಗೋಡೆಗೆ ನೀರು ಹೊಡೆದು ಬರುತ್ತಿದ್ದಳು. ಬಾಗಿಲು, ಕಿಟಕಿ, ಬಣ್ಣ ಎಲ್ಲ ಆಯಿತು. ಮಗಳಿಗೂ ಅಳಿಯನಿಗೂ, ಮುಗಿಯುವ ತನಕ ನೋಡಬೇಡಿ, ಆಮೇಲೆ ನೋಡಿ ಬೆರಗಾಗಿ ಎಂದಿದ್ದೆ.

ಅಷ್ಟರಲ್ಲಿ ಖಲೀಲ್ ಸಾಬರೂ ಮನೆ ಕಟ್ಟಲು ಹೊರಟರು. ಸೆಂಟ್ರಿಂಗ್ ಕೆಲಸ ನನಗೇ ಕೊಟ್ಟರು. ಒಂದು ದಿನ ಹಿಂದಿನ ಗೋಡೆಯ ಹತ್ತಿರ ನಿಂತು, "ಮೇಸ್ತ್ರಿ, ನಿಮ್ಮ ಕಡಿ ಒಂದು ಮೂರಡಿ ಬಿಡ್ಲೇನು? ನಿಮ್ಗೇನಾರ ತಕ್ಲೀಫ್ ಆದೀತು" ಎಂದು ಕೇಳಿದರು.

"ಯಾಕ ಬಿಡ್ತೀರಿ ಸಾಬ್ರ? ರೂಲ್ಸೇ ಸಡ್ಲ ಆದ ಮ್ಯಾಲೆ ನಿಮ್ಮ ಜಾಗ ನೀವ್ಯಾಕ ಗಾಳಿಗೆ ಬಿಡ್ತೀರಿ? ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ರಿ" ಎಂದೆ.

"ನೀವು ಹೇಳಿದ ಮ್ಯಾಲೆ ಮುಗೀತು ಬಿಡ್ರಿ" ಎಂದರು ಅವರು. ನಾನೇ ಹಲಗೆ ಹೊಡೆದೆ, ನಾನೇ ಕಾಲಂ ನಿಲ್ಲಿಸಿದೆ, ಒಡೆದಿದ್ದ ಕಾಂಪೌಂಡನ್ನು ನಾನೇ ಮುಚ್ಚಿಸಿ ಸಿಮೆಂಟ್ ಗಿಲಾಯಿ ಮಾಡಿಸಿದೆ. ಸಾಬರ ಮನೆಯ ಮೋಲ್ಡೂ ಸೋರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಗೃಹಪ್ರವೇಶದ ದಿನ ಬೆಳಿಗ್ಗೆ ಕುಕ್ಕುವಾಡದಿಂದ ನಮ್ಮ ಸಂಬಂಧಿಕರ ಆಕಳು, ಕರು ಸಮೇತ ಗೂಡ್ಸ್ ಗಾಡಿಯಲ್ಲಿ ಬಂದು ಗೇಟಿನ ಮುಂದೆ ಇಳಿಯಿತು. ಬೀದಿಯ ಆಕಳು ಬೇಡ, ಹಳ್ಳಿಯ ನಾಟಿ ಆಕಳೇ ಬೇಕೆಂದು ರತ್ನಮ್ಮನ ಹಟ. ಪೂಜೆಗೆ ಬಂದ ಅಯ್ಯನೋರು ಆಕಳಿಗೆ ಅರಿಶಿನ ಕುಂಕುಮ ಹಚ್ಚಿ, "ಮುಹೂರ್ತ ಭಾಳ ಹೊತ್ತು ಇಲ್ಲ. ಆಕಳು ಮೊದ್ಲು ಹೊಸ ಮನಿ ಹೊಸ್ತಿಲು ತುಳೀಬೇಕು. ದಾರಿ ಯಾವ ಕಡಿ ಐತಿ ನಡೀರಿ" ಎಂದರು.

"ಹಿಂದೆ..." ಎಂದು ಕೈ ಎತ್ತಿದವನು ಹಾಗೇ ನಿಂತೆ. ಹಿಂದೆ ನಾನೇ ಕಟ್ಟಿದ ಗೋಡೆ. ಎಡಕ್ಕೆ ಹೋದೆ, ಸ್ಟೋರ್ ರೂಮಿನ ಶೆಟರ್ರು. ಬಲಕ್ಕೆ ಬಂದೆ, ನನ್ನ ಆಫೀಸಿನ ಕಿಟಕಿ, ಅದರೊಳಗೆ ಅರ್ಧ ತಿರುಗಿದ ಕುರ್ಚಿ. ಮೂವತ್ತು ವರ್ಷ ಊರಿನವರಿಗೆಲ್ಲ ಮನೆ ಕಟ್ಟಿಕೊಟ್ಟ ನಾನು, ನನ್ನ ಮನೆಯ ಮುಂದೆ ದಾರಿ ಹುಡುಕುವವನಂತೆ ಎರಡು ಸಲ ಅತ್ತಿಂದಿತ್ತ ಓಡಾಡಿದೆ. ಆಕಳೂ ನನ್ನ ಜೊತೆ ತಲೆ ಅತ್ತಿತ್ತ ತಿರುಗಿಸಿತು. ಬಂದ ನೆಂಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾರೂ ನನ್ನ ಮುಖ ನೋಡಲಿಲ್ಲ. ಅದು ನಕ್ಕದ್ದಕ್ಕಿಂತ ಕಷ್ಟ.

ಕೊಟ್ರೇಶ ಮೆಲ್ಲಗೆ ಹತ್ತಿರ ಬಂದ. "ಮಾವಾರ, ನಕ್ಷಿಯಾಗ ಬಲಗಡೆ ದಾರಿ ಇತ್ತಲ್ರಿ?"

"ನಕ್ಷಿಯಾಗ ಈಗ್ಲೂ ಐತೆ" ಎಂದೆ.

ಸುಧಾ ಗಂಡನ ಮುಖ ನೋಡಿದಳು. ರತ್ನಮ್ಮ ಸುಧಾಳ ಮುಖ ನೋಡಿದಳು. ಹರಿಹರದ ಬಾಡಿಗೆ ಮನೆ ಅವರೆಲ್ಲರ ಕಣ್ಣಲ್ಲಿ ಬಂದು ನಿಂತದ್ದು ನನಗೆ ಕಂಡಿತು. "ಆಫೀಸು ಒಡೀರಿ. ಈಗಿಂದೀಗ ಒಡೀರಿ" ಎಂದಳು ರತ್ನಮ್ಮ. "ಹುಚ್ಚೇನ ನಿನಗ? ಅದರ ಮ್ಯಾಲೆ ನೀರಿನ ಟ್ಯಾಂಕ್ ಐತೆ, ಗ್ವಾಡಿ ಮುಟ್ಟಂಗಿಲ್ಲ" ಎಂದೆ ನಾನು. ಸುಧಾ ತಣ್ಣಗೆ, "ಟ್ಯಾಂಕು ಪಿಲ್ಲರ್ ಮ್ಯಾಲೆ ಕುಂತೈತೆ, ಗ್ವಾಡಿ ತೆಗೆದ್ರೂ ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲಪ್ಪಾಜಿ" ಎಂದಳು. ಮಕ್ಕಳ ಮುಂದೆ ಕೆಲಸದ ಮಾತು ಆಡಬಾರದು.

ಅಯ್ಯನೋರಿಗೆ ಅವತ್ತು ಇನ್ನೂ ಎರಡು ಕಡೆ ಪೂಜೆ ಇತ್ತು. "ಮನಿ ಒಳಗಿಂದ್ಲೇ ಕರ್ಕಂಡು ಹೋಗ್ರಿ, ದೇವರಿಗೆಲ್ಲ ದಾರಿ ಒಂದೇ" ಎಂದರು. ಆಕಳನ್ನು ನಮ್ಮ ಹಾಲ್‌ಗೆ ಹತ್ತಿಸಿದೆವು. ಕುಕ್ಕುವಾಡದ ಆಕಳು ಟೈಲ್ಸ್ ಕಂಡಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು, ಕಾಲು ಜಾರಿದಂತಾಗಿ, ಟೀವಿಯ ಮುಂದೆ ನಾಲ್ಕೂ ಕಾಲು ಅಗಲಿಸಿ ನಿಂತುಬಿಟ್ಟಿತು. ಮುಂದೆ ಎಳೆದರೂ ಇಲ್ಲ, ಹಿಂದೆ ತಳ್ಳಿದರೂ ಇಲ್ಲ. ಅಡುಗೆಮನೆಯ ಬಾಗಿಲಿನಿಂದ ರತ್ನಮ್ಮ ಬಾಳೆಹಣ್ಣು ತೋರಿಸಿದಳು. ಅದು ನನ್ನ ಕಡೆ ನೋಡಿತು. ಕರು ಸೋಫಾದ ಹಿಂದೆ ಹೋಗಿ ನಿಂತಿತು. ಅಯ್ಯನೋರು ಗಡಿಯಾರ ನೋಡುತ್ತಿದ್ದಾರೆ, ನೆಂಟರು ಗೋಡೆಗೆ ಒತ್ತಿಕೊಂಡಿದ್ದಾರೆ, ಆಕಳು ಬಾಲ ಎತ್ತಿತು. ಸೆಗಣಿ, ಗಂಜಲ ಎರಡೂ ನನ್ನ ಹಾಲ್‌ನ ನಟ್ಟನಡುವೆ.

"ಶುಭ ಆತು" ಎಂದು ಅಯ್ಯನೋರು ಗಟ್ಟಿಯಾಗಿ ಹೇಳಿ, ಅಲ್ಲಿಯೇ ಮಂತ್ರ ಶುರು ಮಾಡಿದರು. "ಅಯ್ಯಾರ, ಹೊಸ ಮನಿ ಹಿಂದೆ ಐತ್ರಿ" ಎಂದೆ. "ಗೋಮಾತೆ ಯಾವ ಮನಿ ಒಪ್ಪಿದ್ಲೋ ಅದೇ ಮನಿ. ಹಾಲು ಉಕ್ಕಿಸ್ರಿ" ಎಂದರು. ಸುಧಾ ಮತ್ತು ಕೊಟ್ರೇಶ ಮಣೆಯ ಮೇಲೆ ಕೂತರು. ನಮ್ಮ ಅಡುಗೆಮನೆಯಲ್ಲಿ, ನಮ್ಮ ಒಲೆಯ ಮೇಲೆ, ನನ್ನ ಅಳಿಯನ ಮನೆಯ ಹಾಲು ಉಕ್ಕಿತು. ಆಮೇಲೆ ಆಕಳು, ಯಾರೂ ಎಳೆಯದೆ, ಬಂದ ಬಾಗಿಲಿನಿಂದಲೇ ಹೊರಗೆ ಹೋಯಿತು. ಹಿತ್ತಲ ಮನೆಯನ್ನು ಅದು ಇವತ್ತಿಗೂ ನೋಡಿಲ್ಲ.

ಊಟಕ್ಕೆ ಎಲೆ ಹಾಕುವಾಗ ರತ್ನಮ್ಮ ಎಲ್ಲರಿಗೂ ಕೇಳಿಸುವಂತೆ ತೀರ್ಪು ಕೊಟ್ಟಳು: "ಪೂಜಿ ಇಲ್ಲಿ ಆಗೈತೆ, ಹಾಲು ಇಲ್ಲಿ ಉಕ್ಕೈತೆ. ಅವ್ರು ಇಲ್ಲೇ ಇರ್ಲಿ. ಈ ಬಾಗ್ಲು ರಸ್ತಿಗೇ ಐತೆ. ನಾವಿಬ್ರು ಹಿಂದೆ ಹೋಗಾಣ. ಆಫೀಸೂ ಉಳೀತೈತೆ, ಟ್ಯಾಂಕೂ ಉಳೀತೈತೆ." ಕೊಟ್ರೇಶ ಬಹಳ ಹೊತ್ತು ಬೇಡವೆಂದ. ಆದರೆ ಅವನ ಷರತ್ತಿನ ಒಂದೊಂದು ಅಕ್ಷರವೂ ಪೂರ್ತಿಯಾಗಿತ್ತು. ಗಣಿತದವನು, ಉತ್ತರ ಸರಿ ಬಂದ ಮೇಲೆ ಏನೂ ಮಾಡಲಾಗದೆ ಒಪ್ಪಿದ. ನಾನೂ ಒಪ್ಪಿದೆ. ಬೋರ್ಡು ಇಳಿಸುವುದಕ್ಕಿಂತ ಮನೆ ಬಿಡುವುದು ನನಗೆ ಸುಲಭವಾಗಿ ಕಂಡಿತು. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಈಗ ನಮ್ಮ ದಿನಚರಿ ಹೀಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕಾದರೆ ನಾನು ಹಿತ್ತಲ ಮನೆಯಿಂದ ಹೊರಟು, ಮಗಳ ಅಡುಗೆಮನೆ ಹೊಕ್ಕು, ಅಳಿಯನ ಹಾಲ್ ದಾಟಿ, ಗೇಟಿಗೆ ಬರಬೇಕು. ಟೈಲ್ಸ್ ಮಣ್ಣಾಗುತ್ತದೆಂದು ಚಪ್ಪಲಿ ಕೈಯಲ್ಲಿರುತ್ತದೆ. ಹೊಗುವ ಮೊದಲು ಒಂದು ಸಲ ಕೆಮ್ಮುತ್ತೇನೆ. ಕೊಟ್ರೇಶ ಪೇಪರ್ ಮಡಿಸಿ ಎದ್ದು ನಿಲ್ಲುತ್ತಾನೆ. ಸಿಮೆಂಟ್ ಚೀಟಿ ಮರೆತು ವಾಪಸು ಬಂದರೆ ಮತ್ತೆ ಎದ್ದು ನಿಲ್ಲುತ್ತಾನೆ. ಹುಡುಗರ ಉತ್ತರಪತ್ರಿಕೆ ತೊಡೆಯ ಮೇಲೆ ಹರಡಿಕೊಂಡಿದ್ದರೆ ಅವೆಲ್ಲ ನೆಲಕ್ಕೆ ಬೀಳುತ್ತವೆ. ಒಂದು ಭಾನುವಾರ ಏಳು ಸಲ ಎದ್ದ. "ಕೂಡ್ರಿ, ಕೂಡ್ರಿ" ಎಂದರೆ, "ಇರ್ಲಿ ಮಾವಾರ" ಎನ್ನುತ್ತಾನೆ. ಒಂದು ಕಾಲಕ್ಕೆ ನನಗೆ ಹೆಮ್ಮೆ ತಂದ ಮರ್ಯಾದೆ ಈಗ ಮೊಣಕಾಲಿನಲ್ಲಿ ನೋಯುತ್ತದೆ, ನನ್ನದಲ್ಲ, ಅವನದು. ಆಳುಗಳು ಗೇಟಿನಲ್ಲಿ "ಮೇಸ್ತ್ರೀ" ಎಂದು ಕೂಗಿದರೆ ಅವನೇ ಹೋಗಿ, "ಹಿಂದೆ ಅದಾರ, ಕರೀತೀನಿ ಕೂಡ್ರಿ" ಎನ್ನುತ್ತಾನೆ. ಖಲೀಲ್ ಸಾಬರು, ಬೇಕಾದರೆ ನಮ್ಮ ಗೋಡೆಯಲ್ಲೇ ಒಂದು ಬಾಗಿಲು ಇಟ್ಟುಕೊಳ್ಳಿ, ನಮ್ಮ ಮನೆಯೊಳಗಿಂದ ಓಡಾಡಿ ಎಂದು ಹೇಳಿ ಕಳಿಸಿದ್ದರು. ಇಬ್ಬರ ಮನೆಯ ಹಾಲ್ ದಾಟುವಷ್ಟು ಕೆಮ್ಮು ನನ್ನಲ್ಲಿಲ್ಲ.

ಅಂತೂ ಆಫೀಸು ಉಪಯೋಗಕ್ಕೆ ಬಂದಿದೆ. ಮನೆಗೆ ಬಂದಾಗ ಹಾಲ್‌ನಲ್ಲಿ ಯಾರಾದರೂ ಇದ್ದರೆ ನಾನು ಸದ್ದಿಲ್ಲದೆ ಅದರೊಳಗೆ ಹೋಗಿ, ಹಾಲ್ ಖಾಲಿಯಾಗುವ ತನಕ ತಿರುಗುವ ಕುರ್ಚಿಯಲ್ಲಿ ಕಾಯುತ್ತೇನೆ. ಮೊನ್ನೆಯೂ ಹಾಗೇ ಕೂತಿದ್ದೆ. ಬಾಗಿಲು ತಟ್ಟನೆ ತೆರೆಯಿತು. ಕಡರನಾಯಕನಹಳ್ಳಿಯಿಂದ ಬಂದಿದ್ದ ಕೊಟ್ರೇಶನ ಚಿಗವ್ವ, ಬೋರ್ಡು ಓದದೆ ಬಚ್ಚಲುಮನೆ ಎಂದುಕೊಂಡು ತೆರೆದಿದ್ದಳು. ಕಿಟಕಿ ಮುಚ್ಚಿದ ಮೂರಡಿ ಕತ್ತಲಲ್ಲಿ ತೊಡೆಯ ಮೇಲೆ ಚಪ್ಪಲಿ ಇಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಇಲ್ಯಾರೋ ಕುಂತಾರಲ್ಲೋ ಕೊಟ್ರ್ಯಾ."

ನಾನು ಹೊರಗೆ ಬಂದೆ. ಕೊಟ್ರೇಶ ಎದ್ದು ನಿಂತ. "ನಮ್ಮ ಮಾವಾರು, ಚಿಗವ್ವ."

"ಅಯ್ಯ, ಬೀಗರು. ಮದುವ್ಯಾಗ ನೋಡಿದ್ದು, ಗುರ್ತೇ ಸಿಗ್ಲಿಲ್ಲ. ಇಲ್ಲೇ ಇರ್ತಾರೇನು, ನಿಮ್ಮ ಜೊತಿಗೆ?"

ಕೊಟ್ರೇಶ ಒಳ್ಳೆಯವನು. ನನ್ನ ಮುಖ ನೋಡಿ, ತಡವರಿಸದೆ ಹೇಳಿದ: "ಇಲ್ಲ ಚಿಗವ್ವ. ಅವರದು ಬ್ಯಾರೆ ಮನಿ ಐತೆ."

"ಹೌದಾ? ಬಾಗ್ಲು ಯಾವ ಕಡಿಗೆ?"

ತರಗತಿಯಲ್ಲಿ ಎಂಥ ಪ್ರಶ್ನೆಗೂ ಉತ್ತರ ಹೇಳುವ ಕೊಟ್ರೇಶ ತಲೆಯೆತ್ತಿ ತಾರಸಿ ನೋಡಿದ. ನಾನೂ ನೋಡಿದೆ. ಒಂದು ಹನಿ ಸೋರಿದ ಗುರುತಿಲ್ಲ. ಆಮೇಲೆ ಚಪ್ಪಲಿ ಹಿಡಿದುಕೊಂಡು ಅಡುಗೆಮನೆಯ ಕಡೆ ನಡೆದೆ. ಹಿಂದಿನಿಂದ ಚಿಗವ್ವನ ದನಿ ಕೇಳಿಸಿತು: "ಪಾಪ. ಮಗಳ ಮನಿಯಾಗ ಅದಾರ ಅನ್ನು."

ಅವಳು ಆ ಸಂಜೆಯ ಬಸ್ಸಿಗೆ ಊರಿಗೆ ಹೋದಳು. ನಿಮ್ಮಲ್ಲಿ ಯಾರಾದರೂ ಕಡರನಾಯಕನಹಳ್ಳಿಯ ಕಡೆ ಹೋದರೆ, ಸೆಂಟ್ರಿಂಗ್ ಕಾಂಟ್ರ್ಯಾಕ್ಟರ್ ಹಾಲೇಶಪ್ಪ ಗೊತ್ತೇ ಎಂದು ಯಾರನ್ನೂ ಕೇಳಬೇಡಿ. ಆ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.